ಪರದೆಯ ಕಿಟಕಿಯಲ್ಲಿದ್ದವಳು

ಟಿಕೆಟ್ಟಿನ ಹಣವನ್ನು ನೂರು ಪಾಲು ಮಾಡಿದರೆ ನಲವತ್ತೊಂದು ಪಾಲು ಡೀಸೆಲ್ಲಿಗೂ ಡ್ರೈವರಿಗೂ ಹೋಗುತ್ತಿತ್ತು. ಇಪ್ಪತ್ತೆರಡು ಬಸ್ ಕಂಪನಿಗೆ. ಗೈಡಿನ ಸಂಬಳ ಅದರೊಳಗೇ. ನೀರೆತ್ತುವ ಹಳೆಯ ಪಂಪ್‌ಹೌಸಿಗೆ ಒಂಬತ್ತು, ರೈಲ್ವೆ ಕ್ವಾರ್ಟರ್ಸಿನ ಆಟಿಕೆ ಮ್ಯೂಸಿಯಮ್ಮಿಗೆ ಹತ್ತು, ಇಟ್ಟಿಗೆ ಗೂಡಿನ ಪಕ್ಕದ ಕುಂಬಾರಿಕೆ ಶಾಲೆಗೆ ಎಂಟು, ಟೀ-ಬಿಸ್ಕತ್ತಿಗೆ ನಾಲ್ಕು. ಉಳಿದ ಆರು ಪಾಲು ಮಿಲ್ಲಿನ ನಾಟಕಮಂದಿರಕ್ಕೆ. ಕರೆಂಟು ಬಿಲ್ಲು, ಕಸ ಗುಡಿಸುವಾಕೆಯ ಸಂಬಳ, ಸೋರುವ ಮಾಡಿನ ರಿಪೇರಿ ಎಲ್ಲವೂ ಆ ಆರರಲ್ಲೇ ಆಗಬೇಕು.

ದೊಡ್ಡ ನಗರದ ಅಂಚಿನ ಹಳೆಯ ಜಾಗಗಳನ್ನು ಅರ್ಧ ದಿನದಲ್ಲಿ ತೋರಿಸಿ ವಾಪಸು ತಂದುಬಿಡುವ ಬಸ್ಸು ಅದು. ಬೆಳಿಗ್ಗೆ ಒಂದು ಟ್ರಿಪ್ಪು, ಮಧ್ಯಾಹ್ನ ಒಂದು. ಅದು ನಾಟಕಮಂದಿರದಲ್ಲಿ ನಿಲ್ಲಲು ಶುರು ಮಾಡಿದ್ದು ಕಲೆಯ ಮೇಲಿನ ಅಭಿಮಾನದಿಂದೇನಲ್ಲ. ಅಷ್ಟು ಉದ್ದದ ಬಸ್ಸನ್ನು ತಿರುಗಿಸಲು ಆ ರಸ್ತೆಯಲ್ಲಿ ಇದ್ದದ್ದು ಅದರ ಅಂಗಳ ಒಂದೇ. ಡ್ರೈವರಣ್ಣ ಹಿಂದೆ ಮುಂದೆ ಮಾಡಿ ಬಸ್ಸು ತಿರುಗಿಸುವ ಹತ್ತು ನಿಮಿಷ ಜನರನ್ನು ಎಲ್ಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಿದ ಮೇಲೆ ಏನಾದರೂ ಹೇಳಬೇಕಿತ್ತು.

ಹೇಳುವ ಕೆಲಸ ಗೈಡಿನದು. ಡ್ರೈವರಣ್ಣ ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟಿದ್ದ. ಇಟ್ಟ ಹೆಸರೇ ನಿಂತು, ಕಂಪನಿಯ ಆಫೀಸಿನಲ್ಲೂ ಅವಳು ಮೈಕಮ್ಮನೇ ಆಗಿಬಿಟ್ಟಿದ್ದಳು. ವಯಸ್ಸು ನಲವತ್ತೊಂದು. ಮನೆಯಲ್ಲಿ ಅವಳೂ ಅತ್ತಿಗೆಯೂ ಇಬ್ಬರೇ. ಅಣ್ಣ ತೀರಿಹೋಗಿ ಆರು ವರ್ಷವಾಗಿತ್ತು. ಅತ್ತಿಗೆ ಮೂಲೆಮನೆಯ ಟೈಲರಿಂಗ್ ಅಂಗಡಿ ನಡೆಸುತ್ತಿದ್ದಳು. ಬಾಯಿ ಕತ್ತರಿಯಷ್ಟೇ ಚುರುಕು, ಮನಸ್ಸು ಮೆದು.

ಒಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವಾರ, ಒಬ್ಬ ಪ್ರವಾಸಿ ರಂಗದ ಮೇಲಿನ ಹಳೆಯ ಪರದೆಯತ್ತ ಬೆರಳು ತೋರಿಸಿ ಕೇಳಿದ್ದ, ಆ ಕಿಟಕಿಯಲ್ಲಿ ನಿಂತಿರುವವಳು ಯಾರು ಎಂದು. ಮಿಲ್ಲಿನ ಕಾರ್ಮಿಕರು ಅರ್ಧ ದಿನದ ಕೂಲಿ ಬಿಟ್ಟುಕೊಟ್ಟು ಕಟ್ಟಿಸಿದ ನಾಟಕಮಂದಿರ ಅದು. ಏಳು ಪರದೆಗಳಲ್ಲಿ ಉಳಿದದ್ದು ಅದೊಂದೇ. ಅದರಲ್ಲಿ ಒಂದು ಬೀದಿ, ಎರಡು ಸಾಲು ಮನೆ, ಒಂದು ಮಾಳಿಗೆಯ ಕಿಟಕಿ. ಆ ಕಿಟಕಿಯಲ್ಲಿ ಮಸುಕು ಬಿಳಿಯ ಆಕಾರ, ತಲೆಯಂತೆ, ಭುಜದಂತೆ. ಅದುವರೆಗೆ ಅವಳು ಅದನ್ನು ಗಮನಿಸಿಯೇ ಇರಲಿಲ್ಲ. ಆದರೂ ಬಾಯಿ ತಡವರಿಸಲಿಲ್ಲ. ಪರದೆ ಬರೆದವನು ಒಬ್ಬಳನ್ನು ಇಷ್ಟಪಟ್ಟಿದ್ದ, ಮೊದಲ ಪ್ರಯೋಗಕ್ಕೆ ಬರುತ್ತೇನೆ ಎಂದವಳು ಬರಲಿಲ್ಲ, ಇನ್ನು ಪ್ರತಿಯೊಂದು ನಾಟಕವನ್ನೂ ಅವಳು ನೋಡಲಿ ಎಂದು ಅವಳನ್ನು ಕಿಟಕಿಯಲ್ಲಿ ಬರೆದುಬಿಟ್ಟ ಎಂದಳು. ಕೇಳಿದವರಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡಳು.

ಅಲ್ಲಿಂದ ಆ ಕಥೆ ದಿನಕ್ಕೆರಡು ಸಲ ನಡೆಯಿತು. ಬಸ್ಸಿನ ಅಭಿಪ್ರಾಯ ಪುಸ್ತಕದಲ್ಲಿ ಹತ್ತು ಜನ ಬರೆದರೆ ಏಳು ಜನ ಕಿಟಕಿಯವಳ ಬಗ್ಗೆಯೇ ಬರೆಯುತ್ತಿದ್ದರು. ಕೆಲವರು ಅವಳನ್ನು ನೋಡಲೆಂದೇ ಎರಡನೇ ಸಲ ಬಂದರು.

ಈ ವರ್ಷ ರಸ್ತೆ ಅಗಲವಾಯಿತು. ಬಸ್ಸು ತಿರುಗಿಸಲು ಅಂಗಳ ಬೇಕಿರಲಿಲ್ಲ. ಕಂಪನಿಯವರು ಆ ನಿಲುಗಡೆ ತೆಗೆಯೋಣವೆಂದರು. ನಾಟಕಮಂದಿರದ ಕಾರ್ಯದರ್ಶಿಗಳು ಓಡಾಡಿ, ಕಿಟಕಿಯವಳ ಹೆಸರು ಹೇಳಿಯೇ ಅದನ್ನು ಉಳಿಸಿಕೊಂಡರು. ಮಿಲ್ಲಿನ ಲೆಕ್ಕದ ವಿಭಾಗದಲ್ಲಿದ್ದು ನಿವೃತ್ತರಾದ ಮನುಷ್ಯ. ಅವರ ಅಪ್ಪನೂ ಅರ್ಧ ದಿನದ ಕೂಲಿ ಕೊಟ್ಟವರೇ. ಪ್ರವಾಸೋದ್ಯಮ ಸಮಿತಿಯಿಂದ ಒಂದಿಷ್ಟು ಅನುದಾನ ತಂದು, ಪರದೆಯನ್ನು ಸರಿಮಾಡಲು ಹೊರಗಿನಿಂದ ಒಬ್ಬನನ್ನು ಕರೆಸಿದರು.

ಅವನ ಮೊದಲ ಪರಿಚಯ ಆದದ್ದು ಹೀಗೆ. ಬೆಳಗಿನ ಟ್ರಿಪ್ಪಿನ ಮೂವತ್ತೊಂದು ಜನರನ್ನು ಕರೆದುಕೊಂಡು ಒಳಗೆ ಬಂದರೆ, ಪರದೆ ಗೋಡೆಯ ಮೇಲಿಲ್ಲ. ರಂಗದ ನೆಲದಲ್ಲಿ ಹಾಸಿದೆ. ಅದರ ನಟ್ಟನಡುವೆ ಒಬ್ಬ ಗಂಡಸು ಬೋರಲು ಬಿದ್ದಿದ್ದಾನೆ.

"ಯಾರ್ರೀ ಅದು, ಪರದೆ ಮೇಲೆ ಮಲಗಿರೋದು? ಏಳಿ ಮೇಲೆ." ಕೈಯಲ್ಲಿ ಮೈಕ್ ಇದ್ದದ್ದು ಅವಳಿಗೆ ಮರೆತುಹೋಗಿತ್ತು. ಇಡೀ ಮಂದಿರ ಗದರಿಸಿದಂತಾಯಿತು.

"ಮಲಗಿಲ್ಲ ಮೇಡಂ. ಮಲಗಿದ್ರೆ ಗೊರಕೆ ಹೊಡೀತೀನಿ," ಎಂದ ಅವನು, ತಲೆ ಎತ್ತದೆ. "ನಾನು ಹಲಗೆ ಮೇಲಿದೀನಿ. ಬೇಕಾದ್ರೆ ಬಗ್ಗಿ ನೋಡಿ."

ಅವಳು ಬಗ್ಗಿ ನೋಡಿದಳು. ಎರಡು ಕಡೆ ಸ್ಟೂಲಿಟ್ಟು ಮೇಲೊಂದು ಉದ್ದದ ಹಲಗೆ. ಅದಕ್ಕೂ ಪರದೆಗೂ ನಡುವೆ ಒಂದು ಗೇಣು ಸಂದು. ಮೂವತ್ತೊಂದು ಜನವೂ ನಕ್ಕರು. ಅವಳ ಕಿವಿ ಬಿಸಿಯಾಯಿತು. ಅಷ್ಟು ಸಾಲದೆಂಬಂತೆ ಅವನು ಕಡ್ಡಿಗೆ ಸುತ್ತಿದ ಹತ್ತಿಯನ್ನು ನಾಲಿಗೆಯ ಮೇಲಿಟ್ಟು ಒದ್ದೆ ಮಾಡಿ, ಪರದೆಯ ಮೇಲೆ ಮೆಲ್ಲನೆ ಉರುಳಿಸಿದ. ಹತ್ತಿ ಕಪ್ಪಾಯಿತು. ಅದರ ಕೆಳಗೆ ಕಡಲೆಕಾಳಿನಷ್ಟು ಜಾಗ ಆಕಾಶನೀಲಿಯಾಯಿತು.

"ಎಂಜಲಿಂದಾನಾ ಒರೆಸೋದು?" ಎಂದಳು ಅವಳು, ಈ ಸಲ ಮೈಕ್ ದೂರ ಹಿಡಿದು.

"ಇದಕ್ಕಿಂತ ಒಳ್ಳೆ ಮದ್ದು ಅಂಗಡೀಲಿ ಸಿಗಲ್ಲ. ಬೆಳಿಗ್ಗೆ ಕಾಫಿ ಮಾತ್ರ ಕುಡಿಯೋಹಾಗಿಲ್ಲ."

ಆಗ ಅವನು ಮುಖ ಎತ್ತಿದ. ಹಣೆಗೆ ಕಟ್ಟಿಕೊಂಡಿದ್ದ ಭೂತಗನ್ನಡಿಯನ್ನು ಮೇಲೆ ಸರಿಸುವುದು ಮರೆತಿದ್ದ. ಅದರ ಹಿಂದೆ ಅವನ ಎರಡು ಕಣ್ಣು ಬೋಂಡಾದಷ್ಟು ದೊಡ್ಡದಾಗಿ, ತುಂಬ ಗಂಭೀರವಾಗಿ ಅವಳನ್ನೇ ನೋಡುತ್ತಿದ್ದವು. ಅವಳಿಗೆ ನಗು ಬಂತು. ತಡೆದುಕೊಂಡಳು. ಆ ನಗು ಸಂಜೆ ಅತ್ತಿಗೆಗೆ ವಿಷಯ ಹೇಳುವಾಗ ಹೊರಗೆ ಬಂತು. ಅತ್ತಿಗೆ ಗುಂಡಿ ಹೊಲಿಯುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿ, ಇಷ್ಟು ವರ್ಷದಲ್ಲಿ ನೀನು ಬಸ್ಸಿನ ಸುದ್ದಿ ಮನೆಗೆ ತಂದದ್ದು ಇದೇ ಮೊದಲು ಎಂದಳು.

ನಾಲ್ಕು ತಿಂಗಳ ಕೆಲಸ. ಅವನು ರಂಗದ ಹಿಂದಿನ ಮೇಕಪ್ ಕೋಣೆಯಲ್ಲೇ ಉಳಿದುಕೊಂಡ. ಎಲ್ಲರೂ ಅವನನ್ನು ಪರದೆಯವರು ಎಂದರು. ನಲವತ್ತಾರರ ಆಸುಪಾಸು, ಸಣ್ಣ ಮೈ, ಬೆರಳ ತುದಿಗಳಲ್ಲಿ ಎಂದೂ ಹೋಗದ ಬಣ್ಣ. ಹೆಂಡತಿ ತೀರಿಕೊಂಡು ಹನ್ನೆರಡು ವರ್ಷ, ಮಕ್ಕಳಿಲ್ಲ. ಇದನ್ನು ಅವನು ಯಾರೂ ಕೇಳದೆ, ಅಳತೆ ಹೇಳುವಂತೆ, ಒಂದೇ ಸಲ ಹೇಳಿ ಮುಗಿಸಿದ್ದ.

ದಿನಕ್ಕೆರಡು ಸಲ ಅವಳು ಬರುತ್ತಿದ್ದಳು. ದಿನಕ್ಕೆರಡು ಸಲ ಅವನು ಹಲಗೆಯ ಮೇಲೆ ಅದೇ ಕಥೆ ಕೇಳುತ್ತಿದ್ದ. ಮೂರನೆಯ ವಾರದ ಹೊತ್ತಿಗೆ ಅವಳಿಗೆ ಒಂದು ವಿಚಿತ್ರ ಕಂಡಿತು. ಅವಳು 'ಬರುತ್ತೇನೆ ಎಂದವಳು ಬರಲಿಲ್ಲ' ಎನ್ನುವ ಜಾಗಕ್ಕೆ ಬಂದರೆ ಅವನ ಕೈ ನಿಲ್ಲುತ್ತಿತ್ತು. ಮುಂದಿನ ಮಾತು ಬಂದ ಮೇಲೆ ಮತ್ತೆ ಹತ್ತಿ ಉರುಳುತ್ತಿತ್ತು. ಅವಳು ಒಂದು ದಿನ ಬೇಕೆಂದೇ ಆ ಜಾಗದಲ್ಲಿ ಎರಡು ಉಸಿರು ಹೆಚ್ಚು ತಡೆದಳು. ಕೈ ಅಲ್ಲಾಡಲಿಲ್ಲ. ಮತ್ತೂ ತಡೆದಳು. ಅವನು ಕತ್ತು ಮಾತ್ರ ಹೊರಳಿಸಿ, 'ಮುಂದಕ್ಕೆ ಹೇಳಿ, ಕೈ ಜೋಮು ಹಿಡೀತಿದೆ' ಎಂಬಂತೆ ಹುಬ್ಬು ಎತ್ತಿದ. ಅವಳು ಮಾತು ಮರೆತಳು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಮರೆಯದಿದ್ದವಳು.

ಬೆಳಗಿನ ಜನರನ್ನು ಇಳಿಸಿ ಬಂದ ಬಸ್ಸು ಮಂದಿರದ ಅಂಗಳದಲ್ಲೇ ನಿಲ್ಲುತ್ತಿತ್ತು, ಎರಡು ಟ್ರಿಪ್ಪಿನ ನಡುವೆ ಅವಳಿಗೆ ಒಂದೂವರೆ ಗಂಟೆ ಬಿಡುವು. ಮೊದಲು ಆ ಹೊತ್ತು ಬಸ್ಸಿನ ಸೀಟಿನಲ್ಲಿ ಒರಗಿ ಕಳೆಯುತ್ತಿತ್ತು. ಈಗ ರಂಗದ ಮೆಟ್ಟಿಲ ಮೇಲೆ. ಡ್ರೈವರಣ್ಣ, ಮೈಕಮ್ಮನಿಗೆ ಇತ್ತೀಚೆಗೆ ಕಲೆಯ ಮೇಲೆ ಭಾರೀ ಆಸಕ್ತಿ ಬಂದಿದೆ ಎಂದು ಕನ್ನಡಿ ಒರೆಸುತ್ತ ತನ್ನಷ್ಟಕ್ಕೆ ಹೇಳಿಕೊಳ್ಳುವನು, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ.

ಕೆಲಸದ ಕ್ರಮವನ್ನು ಅವನು ಅವಳಿಗೆ ವಿವರಿಸಿದ್ದ. ಪರದೆಯನ್ನೆಲ್ಲ ದಾರ ಎಳೆದು ಚೌಕ ಚೌಕ ಮಾಡಿಕೊಂಡಿದ್ದ. ದಪ್ಪ ರಟ್ಟಿನ ಒಂದು ಪುಸ್ತಕವಿತ್ತು. ಯಾವ ದಿನ, ಯಾವ ಚೌಕ, ಏನು ತೆಗೆದದ್ದು, ಏನು ತುಂಬಿದ್ದು, ಎಲ್ಲವನ್ನೂ ಸಂಜೆ ಬೆಳಕು ಹೋಗುವ ಮೊದಲು ಅದರಲ್ಲಿ ಬರೆಯಬೇಕು. ಬಣ್ಣ ಹೋದ ಕಡೆ ಹೊಸ ಬಣ್ಣವನ್ನು ಬಳಿಯುವಂತಿಲ್ಲ. ಕೂದಲಿನಷ್ಟು ಸಣ್ಣ ಗೆರೆಗಳನ್ನು ಒಂದರ ಪಕ್ಕ ಒಂದು ಎಳೆಯಬೇಕು. ದೂರದಿಂದ ನೋಡಿದವನಿಗೆ ಅದು ಸೇರಿಕೊಂಡು ಚಿತ್ರವಾಗಿ ಕಾಣಬೇಕು. ಹತ್ತಿರ ಬಂದವನಿಗೆ ಇದು ಹಳೆಯದು, ಇದು ರಿಪೇರಿಯವನದು ಎಂದು ಗೊತ್ತಾಗಬೇಕು.

"ಗೊತ್ತಾಗದ ಹಾಗೆ ಮಾಡೋದಲ್ವಾ ಜಾಣತನ?" ಎಂದಳು.

"ಅದು ಸುಲಭ ಮೇಡಂ. ಕೈ ಪಳಗಿದವರು ಯಾರು ಬೇಕಾದ್ರೂ ಮಾಡ್ತಾರೆ. ಆದರೆ ಸತ್ತವನ ಹೆಸರಲ್ಲಿ ನಾನು ಸಹಿ ಹಾಕಿದ ಹಾಗೆ."

ಆ ಮಾತು ಅವಳಿಗೆ ಚುಚ್ಚಿತು. ಎದ್ದು ಬಸ್ಸಿಗೆ ಹೋದಳು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಕಥೆಯನ್ನು ಎಂದಿಗಿಂತ ಬೇಗ ಮುಗಿಸಿದಳು.

ಕಿಟಕಿಯ ಚೌಕಕ್ಕೆ ಅವನು ಬಂದದ್ದು ಮೂರು ತಿಂಗಳು ಕಳೆದ ಮೇಲೆ. ಅಂದು ಬೆಳಗಿನ ಟ್ರಿಪ್ಪು ಮುಗಿದ ಮೇಲೆ ಅವನೇ ಅವಳನ್ನು ಕರೆದ. ದೀಪವನ್ನು ನೆಲಕ್ಕೆ ಸಮವಾಗಿ ಅಡ್ಡ ಹಿಡಿದ. ಬಿಳಿಯ ಆಕಾರದ ಸುತ್ತ ತೆಳುವಾದ ನೆರಳಿನ ಗೆರೆ ಎದ್ದಿತು, ಬಟ್ಟೆಯ ಮೇಲೆ ಬಟ್ಟೆ ಅಂಟಿಸಿದರೆ ಏಳುವಂಥದ್ದು. ಅತ್ತಿಗೆಯ ಹೊಲಿಗೆ ನೋಡುತ್ತ ಬಂದವಳಿಗೆ ಅದೇನೆಂದು ಹೇಳಿಕೊಡಬೇಕಿರಲಿಲ್ಲ.

"ತೇಪೆ," ಎಂದಳು.

ಅವನು ತಲೆಯಾಡಿಸಿದ. ಪರದೆಯ ಆ ಮೂಲೆಯನ್ನು ಇಬ್ಬರೂ ಸೇರಿ ಮೆಲ್ಲಗೆ ಮಗುಚಿದರು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ, ಶಾಲೆಗೆ ಹೆಚ್ಚು ಹೋಗದ ಕೈಯ ಅಕ್ಷರ: ಇಲ್ಲಿ ಹರಿದಿದೆ, ನಿಧಾನ ಸುತ್ತಿ. ಪರದೆ ಏರಿಸಿ ಇಳಿಸುತ್ತಿದ್ದ ಯಾವನೋ ಕೆಲಸದವನು ತೇಪೆ ಹಾಕಿ, ಮೇಲೆ ಸುಣ್ಣದ ಬಿಳಿ ಹಚ್ಚಿದ್ದ. ದೀಪದ ಹೊಗೆ ಕೂತು ಕೂತು ಅದಕ್ಕೆ ತಲೆ ಬಂದಿತ್ತು, ಭುಜ ಬಂದಿತ್ತು. ತೇಪೆಯ ಅಂಚಿನಾಚೆ ಮೂಲ ಚಿತ್ರದ ಒಂದು ತುಂಡು ಈಗ ತೊಳೆದು ಚೊಕ್ಕಟವಾಗಿತ್ತು. ಹಸಿರು ಕದ, ಅದರ ಅರ್ಧ ಚಿಲಕ.

"ಅಲ್ಲಿ ಯಾರೂ ಇರಲಿಲ್ಲ ಮೇಡಂ. ಕಿಟಕಿ ಮುಚ್ಚಿತ್ತು. ಕಾರ್ಯದರ್ಶಿಗಳಿಗೆ ಇನ್ನೂ ಹೇಳಿಲ್ಲ. ಮೊದಲು ನಿಮಗೆ ಹೇಳಬೇಕು ಅನ್ನಿಸ್ತು."

ಅವಳು ಪರದೆಯ ಪಕ್ಕದಲ್ಲೇ ಕುಳಿತುಬಿಟ್ಟಳು. ಅದು ತಾನು ಕಟ್ಟಿದ ಕಥೆ ಎಂದಳು.

"ಗೊತ್ತು," ಎಂದ. "ಇನ್ನೂರು ಸಲ ಕೇಳಿದೀನಿ. ಬೇರೆಯವರಿಂದ ಕೇಳಿ ತಿಳಿದ ಕಥೆ ಹೇಳೋವಾಗ ಯಾರೂ ಅಷ್ಟು ಹುಷಾರಾಗಿ ಉಸಿರು ತಗೊಳ್ಳಲ್ಲ. ಬರ್ತೀನಿ ಅಂದು ಬಾರದೇ ಇದ್ದವರು ಯಾರು?"

ಅತ್ತಿಗೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲದ್ದನ್ನು ಅವಳು ಅಂದು ಹೇಳಿದಳು. ಅವಳಿಗೆ ಆಗ ಇಪ್ಪತ್ತಾರು. ರೈಲ್ವೆ ಬುಕಿಂಗ್ ಕಚೇರಿಯ ಒಬ್ಬ ಹುಡುಗ. ಹಿರಿಯರನ್ನು ಕರೆದುಕೊಂಡು ಬರುತ್ತೇನೆ ಎಂದಿದ್ದ. ಮನೆಯವರೆಲ್ಲ ಮಧ್ಯಾಹ್ನದವರೆಗೆ ಕಾದರು. ಅವಳು ಕತ್ತಲಾಗುವವರೆಗೆ ಕಿಟಕಿಯಲ್ಲಿ ನಿಂತಿದ್ದಳು. ಹನ್ನೊಂದು ದಿನದ ಮೇಲೆ ಎರಡು ಸಾಲಿನ ಪತ್ರ ಬಂತು. ಕಥೆಯಲ್ಲಿ ಅವಳು ಮಾಡಿದ್ದು ಇಷ್ಟೇ: ಕಾದವಳನ್ನು ಬಾರದವಳನ್ನಾಗಿ ಮಾಡಿ, ತಿರಸ್ಕಾರದ ಬದಲು ಅವಳಿಗಾಗಿ ಒಬ್ಬ ಚಿತ್ರ ಬರೆದ ಎಂದು ಸೇರಿಸಿದ್ದಳು. ದಿನಕ್ಕೆರಡು ಸಲ ಹಾಗೆ ಹೇಳಿಕೊಂಡರೆ ಬದುಕಲು ಸುಲಭವಾಗುತ್ತಿತ್ತು.

ಅವನು ದೀಪ ಆರಿಸಿ, ಅವಳ ಪಕ್ಕದಲ್ಲಿ ಸ್ವಲ್ಪ ಅಂತರ ಬಿಟ್ಟು ಕುಳಿತ. ಬಸ್ಸಿನ ಹಾರ್ನ್ ಆಗುವವರೆಗೂ ಹಾಗೇ ಕುಳಿತಿದ್ದರು.

ಕಾರ್ಯದರ್ಶಿಗಳಿಗೆ ವಿಷಯ ತಿಳಿಸಿದಾಗ ಅವರು ಕೋಪಿಸಿಕೊಳ್ಳಲಿಲ್ಲ. ಕುರ್ಚಿ ಎಳೆದು ಕುಳಿತು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಹೊಸ ಬ್ರೋಷರ್ ಅಚ್ಚಾಗಿ ಬಂದಿತ್ತು. ಅದರ ಮುಖಪುಟದಲ್ಲಿ ಕಿಟಕಿಯವಳೇ. ಹೆದ್ದಾರಿಯ ಬೋರ್ಡಿನಲ್ಲೂ ಅವಳೇ. ಬರುವ ತಿಂಗಳ ಹತ್ತಕ್ಕೆ ಸಮಿತಿಯವರು ನೋಡಲು ಬರುವವರಿದ್ದರು. ಬಸ್ ಕಂಪನಿಯ ಮ್ಯಾನೇಜರೂ ಬರುವವನಿದ್ದ. ಕಿಟಕಿ ಮುಚ್ಚಿದೆ ಎಂದು ಹೇಳಿದರೆ ಬಸ್ಸು ನಿಲ್ಲುವುದಿಲ್ಲ, ಬಸ್ಸು ನಿಲ್ಲದಿದ್ದರೆ ಮಂದಿರವನ್ನು ಫರ್ನಿಚರ್ ಗೋಡೌನಿಗೆ ಬಾಡಿಗೆ ಕೊಡುವುದೊಂದೇ ದಾರಿ ಎಂದರು. ಕಿಟಕಿಯವಳ ಮುಖವನ್ನು ಹೊರಗೆ ತರಲು ಏನಾದರೂ ಸಾಧ್ಯವೇ ಎಂದು ಕೇಳಿದರು. ಇಲ್ಲದ ಮುಖವನ್ನು ತರಲಾಗುವುದಿಲ್ಲ ಎಂದು ಪರದೆಯವನು ಹೇಳಿದ.

ಅಂದು ರಾತ್ರಿ ಊಟಕ್ಕೆ ಕುಳಿತರೂ ಅವಳಿಗೆ ಅರ್ಧ ದಿನದ ಕೂಲಿ ಬಿಟ್ಟುಕೊಟ್ಟವರ ಮಂದಿರದಲ್ಲಿ ಸೋಫಾ ಮಂಚ ಪೇರಿಸಿಟ್ಟದ್ದು ಕಣ್ಣಿಗೆ ಕಟ್ಟುತ್ತಿತ್ತು. ತಪ್ಪು ಅವಳದು. ಬೆಳಿಗ್ಗೆ ಪರದೆಯವನ ಹತ್ತಿರ ಹೋಗಿ ಅವಳು ಮಾಡಿದ್ದು ಇನ್ನೊಂದು ತಪ್ಪು.

"ಒಂದು ಮುಖ ತಾನೇ," ಎಂದಳು. "ಬರೆದುಬಿಡಿ. ನನಗೋಸ್ಕರ."

ನನಗೋಸ್ಕರ ಎಂಬ ಮಾತನ್ನು ಆಡುವ ಯೋಚನೆ ಅವಳಿಗಿರಲಿಲ್ಲ. ಅದು ತಾನಾಗಿ ಹೊರಬಿತ್ತು. ಇಬ್ಬರಿಗೂ ಅದು ಕೇಳಿಸಿತು. ಅವನು ಭೂತಗನ್ನಡಿ ಕೆಳಗೆ ಸರಿಸಿಕೊಂಡು ಕೆಲಸಕ್ಕೆ ಬಗ್ಗಿದ. ಎರಡು ದಿನ ಒಂದು ಮಾತೂ ಆಡಲಿಲ್ಲ. ಅವಳು ಕಥೆ ಹೇಳುವಾಗ ಕೈಯೂ ನಿಲ್ಲಲಿಲ್ಲ. ಮೂರನೆಯ ದಿನ, ಆಗಲಿ, ಒಂಬತ್ತನೆಯ ತಾರೀಖಿನೊಳಗೆ ಮುಗಿಸುತ್ತೇನೆ ಎಂದ. ಆಮೇಲೆ ಕಿಟಕಿಯ ಭಾಗಕ್ಕೆ ಒಂದು ಬಿಳಿ ಬಟ್ಟೆ ಮುಚ್ಚಿಟ್ಟು, ಯಾರಿಗೂ ತೋರಿಸದೆ ಕೆಲಸ ಮಾಡಿದ.

ಕಾರ್ಯದರ್ಶಿಗಳ ಮುಖಕ್ಕೆ ಮತ್ತೆ ಕಳೆ ಬಂತು. ಅವಳಿಗೆ ಮಾತ್ರ ಹಗುರ ಎನ್ನಿಸಲಿಲ್ಲ. ಅವನು ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ಕಸ ಗುಡಿಸುವಾಕೆ ಹೇಳಿದಳು.

ಹತ್ತನೆಯ ತಾರೀಖು ಬಂತು. ಮಧ್ಯಾಹ್ನದ ಟ್ರಿಪ್ಪಿನ ಜೊತೆಗೇ ಸಮಿತಿಯವರೂ ಬರುವುದೆಂದು ಗೊತ್ತಾಗಿತ್ತು. ಬೆಳಗಿನ ಟ್ರಿಪ್ಪು ಮುಗಿಸಿ ಅವಳು ಒಳಗೆ ಬಂದಾಗ ಪರದೆಯನ್ನು ಚೌಕಟ್ಟಿಗೆ ಏರಿಸಿ ನಿಲ್ಲಿಸಿತ್ತು. ಅವನು ಹಿಂದೆ ಹಗ್ಗ ಬಿಗಿಯುತ್ತಿದ್ದ. ಕಿಟಕಿಯ ಮೇಲಿನ ಬಟ್ಟೆ ತೆಗೆದಿತ್ತು.

ಅವಳು ಹತ್ತಿರ ಹೋದಳು. ಅಲ್ಲಿ ಇದ್ದದ್ದು ಅವಳದೇ ಮುಖ.

ಈಗಿನವಳಲ್ಲ. ಹದಿನೈದು ವರ್ಷ ಚಿಕ್ಕವಳು. ಎಡಗಡೆಗೆ ಸ್ವಲ್ಪ ವಾಲಿದ ಕತ್ತು, ಮೈಕ್ ಹಿಡಿದು ಹಿಡಿದು ಬಂದದ್ದೆಂದು ಅವಳು ತಿಳಿದಿದ್ದ ವಾಲು. ಮೊದಲಿನಿಂದಲೂ ಇತ್ತೋ ಏನೋ. ಕಿಟಕಿಯ ಕಂಬಿ ಹಿಡಿದ ಬೆರಳುಗಳು. ಬೀದಿಯ ತಿರುವಿನಲ್ಲೇ ನೆಟ್ಟ ಕಣ್ಣು. ಒಬ್ಬ ಮನುಷ್ಯ ಎಷ್ಟು ಹೊತ್ತು, ಎಷ್ಟು ದಿನ ನೋಡಿದ್ದರೆ ಹೀಗೆ ಬರೆದಾನು ಎಂದು ಲೆಕ್ಕ ಹಾಕಲು ಅವಳಿಗೆ ಧೈರ್ಯ ಬರಲಿಲ್ಲ. ಯಾರೂ ತನ್ನನ್ನು ಹಾಗೆ ನೋಡಿರಲಿಲ್ಲ.

ಆಮೇಲೆ ಗಮನಿಸಿದಳು. ಗೆರೆಗಳಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋದರೂ ಗೆರೆಗಳಿಲ್ಲ. ನುಣ್ಣಗೆ, ನೂರು ವರ್ಷದ ಹಳೆಯ ಬಣ್ಣದಂತೆಯೇ ಇತ್ತು. ಸಣ್ಣ ಬಿರುಕುಗಳನ್ನು ಸಹ ಬರೆದಿದ್ದ. ಮೇಜಿನ ಮೇಲೆ ದಪ್ಪ ರಟ್ಟಿನ ಪುಸ್ತಕ ಬಿದ್ದಿತ್ತು. ತೆರೆದು ನೋಡಿದಳು. ನೂರಾ ಎರಡು ದಿನ ಒಂದೂ ತಪ್ಪದೆ ತುಂಬಿದ ಪುಟಗಳು. ಕೊನೆಯ ಏಳು ದಿನ, ತಾರೀಖು ಮಾತ್ರ ಬರೆದು, ಕೆಳಗೆ ಖಾಲಿ.

ಅವನು ಪರದೆಯ ಹಿಂದಿನಿಂದ ಬಂದು ನಿಂತ.

"ಇದನ್ನ ಯಾಕೆ ಬರೆದಿಲ್ಲ?" ಎಂದಳು ಪುಸ್ತಕ ತೋರಿಸಿ.

"ಬರೆದ್ರೆ ನಿಮ್ಮ ಕಥೆ ಉಳಿಯಲ್ಲ. ಸುಳ್ಳು ಬರೆಯೋಕೆ ಕೈ ಬರಲಿಲ್ಲ. ಅದಕ್ಕೆ ಖಾಲಿ ಬಿಟ್ಟೆ."

"ಮುಂದೆ ಯಾರಾದ್ರೂ ಕಂಡುಹಿಡಿದ್ರೆ?"

"ಇಪ್ಪತ್ತು ವರ್ಷದ ಕೆಲಸ ಎಲ್ಲ ಅನುಮಾನ ಆಗತ್ತೆ. ಮತ್ತೆ ಯಾರೂ ಕರೆಯಲ್ಲ." ಅವನು ಹೆಗಲು ಕುಣಿಸಿದ. "ನೀವು ಕೇಳಿದ್ರಿ. ನನ್ನ ಹತ್ರ ಕೊಡೋಕೆ ಇದ್ದದ್ದು ಇದೊಂದೇ."

ಅವಳು ಮತ್ತೆ ಕಿಟಕಿಯತ್ತ ನೋಡಿದಳು. ಚೆಲುವೆಯಾಗಿದ್ದಳು ಆ ಹುಡುಗಿ. ಅವಳು ಅಲ್ಲೇ ನಿಂತಿರುತ್ತಾಳೆ, ನಾಳೆ ಹನ್ನೊಂದು ಗಂಟೆಗೆ, ಮೂರು ಗಂಟೆಗೆ, ನಾಡಿದ್ದು, ತಾನು ಮುದುಕಿಯಾಗಿ ಮೈಕ್ ಕೆಳಗಿಟ್ಟ ಮೇಲೂ, ಆ ತಿರುವನ್ನೇ ನೋಡುತ್ತ. ಅವಳನ್ನು ಅಲ್ಲಿ ನಿಲ್ಲಿಸಿದವಳು ತಾನೇ. ಅವಳ ಕಾವಲಿಗೆ ಈಗ ಈ ಮನುಷ್ಯನ ಬದುಕನ್ನೂ ಕೇಳಿದ್ದಳು.

"ಅಳಿಸೋಕೆ ಆಗತ್ತಾ?" ಎಂದಳು.

"ನಾನು ಹಾಕೋ ಯಾವ ಬಣ್ಣವೂ ಅಳಿಸೋಕೆ ಆಗೋ ಹಾಗೇ ಹಾಕೋದು. ಕೆಳಗೆ ವಾರ್ನಿಶ್ ಇದೆ. ನೀರು ಸಾಕು."

"ಹಾಗಾದ್ರೆ ಕೊಡಿ. ನಾನೇ ಅಳಿಸ್ತೀನಿ. ನನಗೆ ಅಲ್ಲಿ ನಿಂತು ಸಾಕಾಗಿದೆ."

ಅವನು ಅವಳನ್ನು ಬಹಳ ಹೊತ್ತು ನೋಡಿದ. ಸಮಿತಿಯವರನ್ನು ಕರೆತರಲು ಬಸ್ಸು ಹೊರಡುವುದಕ್ಕೆ ಇನ್ನು ಇಪ್ಪತ್ತೇ ನಿಮಿಷ ಎಂದು ಹೇಳಲಿಲ್ಲ. ಹತ್ತಿ ಸುತ್ತಿ ಕೈಗೆ ಕೊಟ್ಟ. ಉಜ್ಜಬೇಡಿ, ಉರುಳಿಸಿ ಎಂದ. ಆದರೂ ಅವಳು ಉಜ್ಜಲು ಹೋದಾಗ ಮಣಿಕಟ್ಟನ್ನು ಎರಡು ಬೆರಳಲ್ಲಿ ಆನಿಸಿ ಹಿಡಿದ. ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಮೊದಲು ಕಣ್ಣು ಹೋಯಿತು. ಆಮೇಲೆ ವಾಲಿದ ಕತ್ತು, ಕಂಬಿ ಹಿಡಿದ ಬೆರಳು. ಹನ್ನೆರಡು ಹತ್ತಿಯುಂಡೆ ಬಣ್ಣವಾಯಿತು. ಕೊನೆಗೆ ಉಳಿದದ್ದು ಯಾವನೋ ಕೆಲಸದವನ ತೇಪೆ, ಅದರ ಪಕ್ಕ ಅರ್ಧ ಚಿಲಕ.

ಅವಳ ಕೆನ್ನೆ ಒದ್ದೆಯಾಗಿತ್ತು. ಅವನು ತನ್ನ ಅಂಗಿಯ ತೋಳಿನಿಂದ ಒರೆಸಲು ಹೋಗಿ, ತೋಳಿನ ತುಂಬ ಬಣ್ಣವಿದ್ದದ್ದು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ಆ ತೋಳನ್ನೇ ಹಿಡಿದು ಕಣ್ಣೊರೆಸಿಕೊಂಡಳು.

ಮೂರು ಗಂಟೆಗೆ ಇಪ್ಪತ್ತೆಂಟು ಪ್ರವಾಸಿಗಳೂ ಸಮಿತಿಯ ನಾಲ್ವರೂ ಕಂಪನಿಯ ಮ್ಯಾನೇಜರೂ ಬಂದು ಕುಳಿತರು. ಕಾರ್ಯದರ್ಶಿಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿದ್ದರು. ಪರದೆ ನೋಡಿದೊಡನೆ ಅವರು ಅರ್ಧ ಎದ್ದು, ಮತ್ತೆ ಕುಳಿತರು. ಅವಳು ಮೈಕ್ ಕೈಗೆ ತೆಗೆದುಕೊಂಡಳು.

"ಒಂಬತ್ತು ವರ್ಷದಿಂದ ಇಲ್ಲಿ ನಿಂತು ನಾನು ಒಂದು ಕಥೆ ಹೇಳ್ತಾ ಬಂದೆ. ಈ ಕಿಟಕೀಲಿ ಒಬ್ಬಳು ಇದ್ದಾಳೆ ಅಂತ. ಅದು ನಿಜ ಅಲ್ಲ. ನಾನೇ ಕಟ್ಟಿದ್ದು. ನಮ್ಮ ಕಾರ್ಯದರ್ಶಿಗಳಿಗೆ ಅದು ಗೊತ್ತಿರಲಿಲ್ಲ. ಅವರು ನನ್ನನ್ನ ನಂಬಿದ್ರು. ಇಲ್ಲಿ ಇರೋದು ಒಂದು ತೇಪೆ. ಪರದೆ ಹರಿದಾಗ ಎಸೆಯೋಕೆ ಮನಸ್ಸು ಬಾರದೆ ಯಾರೋ ಹಾಕಿದ್ದು. ಹಿಂದುಗಡೆ ಅವನು ಬರೆದದ್ದು ಇದೆ. ನೋಡೋರು ಬಂದು ನೋಡಬಹುದು."

ಗುಜುಗುಜು ಎದ್ದಿತು. ಹಿಂದಿನ ಸಾಲಿನ ಒಬ್ಬ ಟಿಕೆಟ್ಟಿನ ಹಣ ವಾಪಸು ಕೇಳಿದ. ಇನ್ನೊಬ್ಬಾಕೆ, ಹೋದ ವರ್ಷ ಈ ಕಥೆ ಕೇಳಿಯೇ ಈಗ ತಂಗಿಯನ್ನು ಕರೆತಂದಿದ್ದೆ, ಇದನ್ನು ಕೇಳಿಸಿಕೊಳ್ಳಬಾರದಿತ್ತು ಎಂದು ಎದ್ದು ಹೊರಗೆ ಹೋದಳು. ಅದು ಮೈಕಮ್ಮನಿಗೆ ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು. ಪೆನ್ಸಿಲ್ಲಿನ ಅಕ್ಷರ ನೋಡಲು ರಂಗ ಹತ್ತಿದವರು ಐದೇ ಜನ. ಅವರಲ್ಲಿ ಒಬ್ಬರು ಕಾರ್ಯದರ್ಶಿಗಳು. ಬಹಳ ಹೊತ್ತು ಓದಿ, ಹಿಂದಿನ ಬಾಗಿಲಿನಿಂದ ಮನೆಗೆ ನಡೆದರು.

ಮುಂದಿನದು ಅವಳು ಅಂದುಕೊಂಡಂತೆಯೇ ಆಯಿತು. ಮೂರು ವಾರದಲ್ಲಿ ಆ ನಿಲುಗಡೆ ರದ್ದಾಯಿತು. ಹೆದ್ದಾರಿಯ ಬೋರ್ಡು ಇಳಿಯಿತು. ಕಂಪನಿಯವರು ಅವಳಿಂದ ಮೈಕ್ ತೆಗೆದುಕೊಂಡು ಟಿಕೆಟ್ ಕೌಂಟರಿನಲ್ಲಿ ಕೂರಿಸಿದರು. ಡ್ರೈವರಣ್ಣ ಹೊಸ ಗೈಡಿಗೆ ಯಾವ ಹೆಸರನ್ನೂ ಇಡಲಿಲ್ಲ.

ಪರದೆಯವನು ತೇಪೆಯ ಮೇಲೆ ಹಸಿರು ಕದ ಎಳೆದು ಕಿಟಕಿಯನ್ನು ಗೆರೆ ಗೆರೆಯಾಗಿ ಮುಚ್ಚಿದ. ಖಾಲಿ ಬಿಟ್ಟಿದ್ದ ಏಳು ಪುಟಗಳಲ್ಲಿ ನಡೆದದ್ದನ್ನು ನಡೆದಂತೆ ಬರೆದು ಕಾರ್ಯದರ್ಶಿಗಳಿಗೆ ಒಪ್ಪಿಸಿದ. ಅವರು ಓದಿ, ಸಹಿ ಹಾಕಿ, ಇನ್ನು ಮೇಲೆ ಭಾನುವಾರ ಮಾತ್ರ ಬಾಗಿಲು ತೆಗೆಯೋಣ, ಎಷ್ಟು ದಿನ ನಡೆಯುತ್ತದೋ ನಡೆಯಲಿ ಎಂದರು. ಖರ್ಚಿಗೆಂದು ಮಂದಿರದ ಮುಂದಿನ ಅರ್ಧವನ್ನು ಗೋಡೌನಿಗೆ ಕೊಡಲೇಬೇಕಾಯಿತು. ರಂಗವನ್ನೂ ಪರದೆಯನ್ನೂ ಮಾತ್ರ ಉಳಿಸಿಕೊಂಡರು.

ಕೆಲಸ ಮುಗಿದ ದಿನ ಅವನು ಟಿಕೆಟ್ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತು ಬಂದ. ಅವನ ಹಿಂದೆ ಇನ್ನೂ ನಾಲ್ಕು ಜನರಿದ್ದರು.

"ಮುಂದಿನ ಕೆಲಸ ಬೇರೆ ಊರಲ್ಲಿ, ಆರು ತಿಂಗಳು," ಎಂದ. "ನನ್ನ ಬದುಕೇ ಹೀಗೆ, ಊರಿಂದೂರಿಗೆ. ಸಂಬಳ ಹೇಳಿಕೊಳ್ಳೋಷ್ಟಿಲ್ಲ. ಇನ್ನೊಂದು ಸಲ ಕಾಯಿರಿ ಅಂತ ನಿಮಗೆ ಹೇಳೋಕೆ ನನಗೆ ಬಾಯಿ ಬರಲ್ಲ. ಈಗಲೇ ಕೇಳಿಬಿಡ್ತೀನಿ. ನನ್ನನ್ನ ಮದುವೆ ಆಗ್ತೀರಾ?"

ಸಾಲಿನಲ್ಲಿದ್ದವರು ಬೇರೆ ಕಡೆ ನೋಡಿದರು. ಕಿವಿ ಮಾತ್ರ ಇತ್ತಲೇ ಇತ್ತು. ಅವಳು ಕೈಯಲ್ಲಿದ್ದ ಟಿಕೆಟ್ ಕಟ್ಟನ್ನು ಕೆಳಗಿಟ್ಟಳು.

"ಅತ್ತಿಗೇನ ಒಂಟಿ ಬಿಡೋಕಾಗಲ್ಲ," ಎಂದಳು. "ಅದೊಂದು ಬಿಟ್ಟು ನನಗೆ ಬೇರೆ ಯಾವ ತಕರಾರೂ ಇಲ್ಲ."

ಅತ್ತಿಗೆ ಸಂಜೆ ವಿಷಯ ಕೇಳಿ, ನಾನೇನು ಗೋಡೌನಿನ ಸೋಫಾನಾ, ಕಾಯೋಕೆ ಒಬ್ಬರು ಬೇಕಾ ಎಂದು ಬೈದಳು. ಬೈದು, ಒಳಗೆ ಹೋಗಿ, ಸ್ವಲ್ಪ ಅತ್ತು, ಅಳತೆ ಟೇಪು ಹಿಡಿದುಕೊಂಡು ಬಂದಳು. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಸಾಕ್ಷಿಗೆ ಡ್ರೈವರಣ್ಣ, ಅತ್ತಿಗೆ, ಕಾರ್ಯದರ್ಶಿಗಳು. ಅವಳು ಕೌಂಟರಿನ ಕೆಲಸ ಬಿಡಲಿಲ್ಲ. ಅವನು ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಬರುತ್ತೇನೆ ಎಂದ ದಿನ ಬರುತ್ತಾನೆ.

ನಾಟಕಮಂದಿರಕ್ಕೆ ದಿನಕ್ಕೆ ಅರವತ್ತು ಜನ ಬರುವುದು ನಿಂತುಹೋಯಿತು. ಭಾನುವಾರಕ್ಕೆ ಹತ್ತು ಜನ ಬಂದರೆ ಹೆಚ್ಚು. ಅವಳ ಸಂಬಳದಲ್ಲಿ ಕಾಲುಭಾಗ ಕಡಿಮೆಯಾಯಿತು. ಚೆನ್ನಾಗಿ ಹೇಳುತ್ತಿದ್ದ ಒಂದು ಕಥೆ ಹೋಯಿತು, ಅದು ಮತ್ತೆ ಬರಲಾರದು. ಒಬ್ಬ ಕಸುಬುದಾರನ ಹೆಸರು ಉಳಿಯಿತು. ಅವಳಿಗೆ ಗಂಡ ಸಿಕ್ಕಿದ.